ಬಲೆಗೆ ಹಬ್ಬಿದ ಹೀರೆಬಳ್ಳಿ

ಉಪ್ಪಿಟ್ಟಿಗೆ ಉಪ್ಪು ಸಾಲದು ಎಂದು ಅತ್ತೆ ಗಂಗಾದೇವಿ ಅಂದಾಗಲೇ ಭಾಗ್ಯಶ್ರೀಗೆ ಗೊತ್ತಾದದ್ದು, ಮಾಮೂಲಿ ದಿನಗಳು ಶುರುವಾದವೆಂದು. ಅಲ್ಲಿಯತನಕ ಯಾರೂ ಯಾವ ಅಡಿಗೆಗೂ ಹೆಸರಿಟ್ಟಿರಲಿಲ್ಲ. ಗಜೇಂದ್ರಗಡದ ಆಚೆಯ ಊರಲ್ಲಿ, ಹೊಲದ ಬದುವಿನ ಬೇವಿನ ಮರದ ಕೆಳಗೆ, ಗಂಡ ಶಿವಪ್ರಕಾಶನನ್ನು ಅವನಪ್ಪನ ಪಕ್ಕದಲ್ಲೇ ಮಣ್ಣು ಮಾಡಿ, ಬಂಧುಬಳಗಕ್ಕೆಲ್ಲ ಊಟ ಹಾಕಿಸಿ, ಹಿಂದಿನ ದಿನವಷ್ಟೇ ಅತ್ತೆ, ಸೊಸೆ, ಎರಡನೇ ಕ್ಲಾಸಿನ ರಕ್ಷಾ ಮೂವರೂ ಜಕ್ಕೂರಿನ ಬಾಡಿಗೆ ಮನೆಗೆ ಮರಳಿದ್ದರು. ಅಷ್ಟೂ ದಿನ ಹಸಿ ಇದ್ದರೆ ಹಸಿ, ಸೀದಿದ್ದರೆ ಸೀದದ್ದು, ಮುಂದಿಟ್ಟದ್ದನ್ನು ಉಂಡು ಎಲ್ಲರೂ ಎದ್ದುಹೋಗುತ್ತಿದ್ದರು.

“ಸಪ್ಪಗ ಆಗೇತಲ್ಲ ಭಾಗ್ಯಾ.”

“ಮ್ಯಾಲ ಉದರಿಸ್ಕೋರಿ ಅತ್ತಿ.”

“ಮ್ಯಾಲಿನ ಉಪ್ಪು ಮ್ಯಾಲೇ ಇರತೈತಿ. ಒಳಗ ಇಳೀತೈತೇನು?”

ರಕ್ಷಾ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಕೆಳಗೆ ಸ್ಕೂಲ್ ವ್ಯಾನಿನವನು ಹಾರ್ನ್ ಹೊಡೆದ. ಭಾಗ್ಯಶ್ರೀ ಮಗಳ ಡಬ್ಬಿಗೆ ಅದೇ ಸಪ್ಪೆ ಉಪ್ಪಿಟ್ಟು ತುಂಬಿ, ಜಡೆ ಅರ್ಧ ಹೆಣೆದು, ಇನ್ನರ್ಧವನ್ನು ಮೆಟ್ಟಿಲಿಳಿಯುತ್ತ ಮುಗಿಸಿ ಕಳಿಸಿದಳು. ಕೆಳಗಿನ ಮನೆಯ ರಾಮಲಕ್ಷ್ಮಮ್ಮ, ಅಂದರೆ ಮನೆಯ ಯಜಮಾನಿ, ಬಾಗಿಲಿಗೆ ನೀರು ಹಾಕುತ್ತಿದ್ದವಳು ಚೊಂಬು ಹಿಡಿದು ನಿಂತು ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಕಡೆಗೆ, “ನಲ್ಲೀಲಿ ನೀರ್ ಬತ್ತಾ ಐತೆ, ಇಡ್ಕಳವ್ವ” ಎಂದಷ್ಟೇ ಅಂದಳು.

ಅದನ್ನು ಕೇಳಿ ಭಾಗ್ಯಶ್ರೀಗೆ ಹಾಯೆನಿಸಿತು. ನೀರಿನ ವಿಷಯ ಮಾತಾಡಿದರೆ ಉತ್ತರ ಗೊತ್ತಿರುತ್ತದೆ.

ಅವಳು ಅತ್ತಿರಲಿಲ್ಲ. ಕಾರ್ಖಾನೆಯಿಂದ ಫೋನ್ ಬಂದಾಗಲೂ ಇಲ್ಲ, ಮಣ್ಣು ಹಾಕುವಾಗಲೂ ಇಲ್ಲ. ಶಿಫ್ಟು ಮುಗಿಸಿ ಕೈ ತೊಳೆಯಲು ಹೋದವನು ಅಲ್ಲೇ ಕುಸಿದನಂತೆ, ಹೃದಯ ನಿಂತಿತಂತೆ. ಆ ಮಾತುಗಳನ್ನು ಯಾರೋ ಹೇಳಿದರು, ಅವಳು ತಲೆಯಾಡಿಸಿದಳು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆ ಎಲ್ಲೋ ಜೋಮು ಹಿಡಿದಿತ್ತು. ಕಾಲಾದರೆ ಝಾಡಿಸಬಹುದು.

ಮೈದುನ ಚನ್ನು ಊರಲ್ಲೇ ಕೇಳಿದ್ದ: “ವೈನಿ, ಇಲ್ಲೇ ಬಂದಬಿಡ್ರಿ. ಅಲ್ಲಿ ಒಬ್ರ ಏನ ಮಾಡ್ತೀರಿ?” ಅವಳಿಗಿಂತ ಮೊದಲು ಉತ್ತರ ಕೊಟ್ಟವಳು ಅತ್ತೆ. “ಆಕೀ ನೌಕರಿ ಅಲ್ಲೈತಿ, ಹುಡಿಗೀ ಸಾಲಿ ಅಲ್ಲೈತಿ. ಆಕಿ ಯಾಕ ಬರತಾಳ? ನಾನ ಹೋಗತೀನಿ.” ಹೀಗೆಂದವಳು ತನ್ನ ಟ್ರಂಕನ್ನು ತಾನೇ ಕಟ್ಟಿಕೊಂಡಿದ್ದಳು.

ನೌಕರಿಯೆಂದರೆ ಯಲಹಂಕದ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅದು ಫ್ರಿಜ್ಜಿನ ಮೇಲೆ, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ಮಡಚಿಟ್ಟ ಹಾಗೆ ಕೂತಿತ್ತು: ಅವಳ ಮೊದಲ ಕಾದಂಬರಿಯ ಹಸ್ತಪ್ರತಿ. ಕೆರೆಯ ದಂಡೆಯಲ್ಲಿ ಬದುಕುವ ಪಾಪಮ್ಮ, ಮೀನು ಹಿಡಿಯುವ ಅವಳ ಗಂಡ ಮುನಿಶಾಮಿ, ಅವರ ಸುತ್ತ ಏಳುವ ಅಪಾರ್ಟ್‌ಮೆಂಟುಗಳು. ಪ್ರಕಾಶನದ ಸಂಪಾದಕಿ ಯಶೋಧಾ ಓದಿ ಒಪ್ಪಿದ್ದಳು. “ಚೆನ್ನಾಗಿದೆ. ಆದ್ರೆ ಪಾಪಮ್ಮ ತುಂಬಾ ಮಾತಾಡ್ತಾಳೆ, ಸ್ವಲ್ಪ ಇಳಿಸಿ” ಎಂದಿದ್ದಳು.

ಇಳಿಸುವ ಕೆಲಸಕ್ಕೆ ಗಂಡಹೆಂಡತಿ ಒಂದು ದಾರಿ ಮಾಡಿಕೊಂಡಿದ್ದರು. ಸಂಜೆ ಭಾಗ್ಯಶ್ರೀ ಜೋಳದ ರೊಟ್ಟಿ ಬಡಿಯುವಾಗ ಅವಳ ಕೈಗಳು ಹಿಟ್ಟಿನಲ್ಲಿ, ಕಿವಿ ಮಾತ್ರ ಖಾಲಿ. ಶಿವಪ್ರಕಾಶ ಅಡಿಗೆಮನೆಯ ಹೊಸ್ತಿಲ ಮೇಲೆ ಸ್ಟೂಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ಅವನು ಐ.ಟಿ.ಐ. ಓದಿದವನು, ಕಾದಂಬರಿ ಗೀದಂಬರಿ ಮುಟ್ಟಿದವನಲ್ಲ. ಅದೇ ಅವನ ಗುಣ. ವಾಕ್ಯ ಸರಿಯಿದ್ದರೆ ಸರಾಗ ಓದುತ್ತಿದ್ದ, ಎಲ್ಲೋ ಅಲಂಕಾರ ಹೆಚ್ಚಾದರೆ ನಾಲಿಗೆ ತಡವರಿಸುತ್ತಿತ್ತು. ತಡವರಿಸಿದಲ್ಲಿ ಇವಳು, “ಗೀಟ ಹಾಕ್ರಿ ಅಲ್ಲೆ” ಎನ್ನುತ್ತಿದ್ದಳು. ಅವನು ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದ. ಮರುದಿನ ಕಾಲೇಜಿನ ಬಿಡುವಿನಲ್ಲಿ ಅವಳು ಆ ಗೀಟುಗಳನ್ನಷ್ಟೇ ನೋಡಿ ತಿದ್ದುತ್ತಿದ್ದಳು.

ಹೀಗೆ ಅರ್ಧ ಪುಸ್ತಕ ದಾಟಿತ್ತು. ಒಂದು ಸಂಜೆ ಅವನು ಹಾಳೆ ಮಡಚುತ್ತ ಹೇಳಿದ್ದ: “ಈ ಮುನಿಶಾಮಿ ಚೊಲೋ ಮನಷ್ಯಾ ಅದಾನ. ಅವಂಗೇನೂ ಮಾಡಬ್ಯಾಡ ಮತ್ತ ಮುಂದ.” ಅವಳು ರೊಟ್ಟಿ ತಿರುವಿಹಾಕಿದಳು. ಮುಂದಿನ ಅಧ್ಯಾಯದಲ್ಲಿ ಮುನಿಶಾಮಿ ಸಾಯುತ್ತಾನೆ.

ಯಶೋಧಾಳ ಫೋನು ಆ ವಾರದಲ್ಲೇ ಬಂತು. ಸಮಾಧಾನದ ಮಾತೆಲ್ಲ ಆದ ಮೇಲೆ, “ಅವಸರ ಏನೂ ಇಲ್ಲ ಭಾಗ್ಯಶ್ರೀ. ಬೇಕಾದ್ರೆ ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ” ಎಂದಳು.

“ಬೇಡ. ಸಂಕ್ರಾಂತಿ ಹೊತ್ತಿಗೆ ಕೊಡ್ತೀನಿ.”

ಧೈರ್ಯದಿಂದ ಅಂದದ್ದಲ್ಲ. ಈಗ ಬಿಟ್ಟರೆ ಆ ಚೀಲವನ್ನು ಮತ್ತೆ ತೆರೆಯುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಅದು ಫ್ರಿಜ್ಜಿನ ಮೇಲೆಯೇ ಉಳಿದು, ಮನೆ ಬದಲಿಸುವಾಗ ಹಳೆ ಪೇಪರಿನ ಜೊತೆ ಹೋಗುತ್ತದೆ. ಪುಸ್ತಕ ಅಚ್ಚಾಗಿ ಬಂದರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚುತ್ತೇನೆಂದು ಅವನು ಹೇಳಿಕೊಂಡು ತಿರುಗಿದ್ದ.

ಮೊದಲು ಒಬ್ಬಳೇ ಓದಿ ನೋಡಿದಳು. ಕಣ್ಣು ಎಲ್ಲಿಯೂ ತಡವರಿಸಲಿಲ್ಲ. ತಾನೇ ಬರೆದದ್ದು, ತನಗೆಲ್ಲವೂ ಸರಿಯೇ. ಫೋನಿನಲ್ಲಿ ರೆಕಾರ್ಡ್ ಮಾಡಿ ರೊಟ್ಟಿ ಬಡಿಯುವಾಗ ಕೇಳಿದಳು. ಪಾಠ ಮಾಡಿದಂತಿತ್ತು. ಕಡೆಗೆ ರಕ್ಷಾ, “ನಾನ್ ಓದ್ತೀನಮ್ಮಾ” ಎಂದು ಸ್ಟೂಲು ಹತ್ತಿ ಕೂತು, “ಕೆ, ರೆ, ಯ, ದಂ, ಡೆ” ಎಂದು ಶುರುಮಾಡಿದಳು. ಹಾಗೆ ಗೀಟು ಹಾಕುತ್ತ ಹೋದರೆ ಪುಸ್ತಕವೇ ಉಳಿಯುತ್ತಿರಲಿಲ್ಲ.

ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತಿದ್ದ ಗಂಗಾದೇವಿ ಎದ್ದು ಬಂದು ಕೈ ಚಾಚಿದಳು. “ತಾ ಇಲ್ಲೆ. ಶ್ರಾವಣದಾಗ ಮಠದಾಗ ಪುರಾಣಾ ಓದಾಕಿ ನಾ. ಇದೇನು ಮಹಾ.”

ಅಂದಿನಿಂದ ಆ ಮನೆಯಲ್ಲಿ ಪಾಪಮ್ಮನ ಪುರಾಣ ಮೊದಲ ಪುಟದಿಂದ ಶುರುವಾಯಿತು. ಗಂಗಾದೇವಿ ಕನ್ನಡಕ ಏರಿಸಿ, ಸೆರಗು ಹೊದ್ದು, ಪ್ರತಿ ವಾಕ್ಯದ ಕೊನೆಯನ್ನು ಎಳೆದು ಎಳೆದು ಓದುತ್ತಿದ್ದಳು. ಪಾಪಮ್ಮ ಬಸ್ಸಿಗೆ ಕಾದದ್ದೂ ಮುನಿಶಾಮಿ ಬೀಡಿ ಸೇದಿದ್ದೂ ಶಿವಲೀಲೆಯಂತೆ ಕೇಳುತ್ತಿತ್ತು. ಅತ್ತೆಯ ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ. ಆದರೆ ಮನಸ್ಸಿಗೆ ಬರದಿದ್ದರೆ ಓದು ನಿಲ್ಲಿಸುತ್ತಿದ್ದಳು.

“ಈಕಿ ಗಂಡಗ ಏಕವಚನಾ ಮಾತಾಡತಾಳ.”

“ಅವರ ಕಡೆ ಹಂಗ ಅತ್ತಿ.”

“ಹೋಗ್ಲಿ. ಆದ್ರ ಬೆಳಿಗ್ಗೆಯಿಂದ ಒಂದ ಸವನ ಮಾತಾಡಾಕತ್ತಾಳ, ಆಕಿ ಚಾ ಕುಡಿಯೂದು ಯಾವಾಗ?”

ಭಾಗ್ಯಶ್ರೀ ರೊಟ್ಟಿ ಬಿಟ್ಟು ತಿರುಗಿ ನೋಡಿದಳು. “ಗೀಟ ಹಾಕ್ರಿ ಅಲ್ಲೆ.”

ಮುತ್ತಿಡುವ ಪ್ರಸಂಗ ಬಂದರೆ ಗಂಗಾದೇವಿ ಗಂಟಲು ಸರಿಮಾಡಿಕೊಂಡು ಹಾಳೆ ತಿರುವಿಬಿಡುತ್ತಿದ್ದಳು. ಮೊದಮೊದಲು ಭಾಗ್ಯಶ್ರೀಗೆ ನಗು ಬರುವಂತಾಯಿತು. ಆಮೇಲೆ ಅತ್ತೆ ಬಿಟ್ಟ ಭಾಗಗಳಲ್ಲಿ ಕೆಲವು ಇಲ್ಲದಿದ್ದರೂ ಕಥೆ ನಡೆಯುತ್ತದೆನ್ನಿಸಿ ಅವುಗಳನ್ನು ಹೊಡೆದುಹಾಕಿದಳು. ಒಂದನ್ನು ಮಾತ್ರ ಉಳಿಸಿಕೊಂಡಳು. ಅದು ಶಿವಪ್ರಕಾಶ ಎರಡು ಸಲ ಓದಿದ್ದು.

ಆಮೇಲೆ ಬಂತು ಬಲೆಯ ಪ್ರಸಂಗ.

ಆ ಬಲೆಯ ಹಿಂದೊಂದು ಕಥೆಯಿತ್ತು. ಪಾಪಮ್ಮ ಹರಿದ ಬಲೆ ಹೊಲಿಯುವ ಪುಟವನ್ನು ಓದಿದಾಗ ಶಿವಪ್ರಕಾಶ ಅಡ್ಡಾದಿಡ್ಡಿ ತಡವರಿಸಿ, “ಇದು ಮೀನದ ಬಲೀನೋ, ಕ್ರಿಕೆಟ್ ನೆಟ್ಟೋ? ನೀ ಬಲಿ ನೋಡೀ ಏನು?” ಎಂದು ಕೇಳಿದ್ದ. ನೋಡಿರಲಿಲ್ಲ. ದೂರದಿಂದ, ಬೆಳಗಿನ ವಾಕಿಂಗಿನಲ್ಲಿ, ಕೆರೆಯ ನಡುವೆ ತೆಪ್ಪದ ಮೇಲೆ ಬೀಸುವುದನ್ನು ನೋಡಿದ್ದಳಷ್ಟೆ. ಮರುದಿನವೇ ಅವನು ಕೆರೆಯಲ್ಲಿ ಮೀನು ಹಿಡಿಯುವ ಮುರುಗೇಶನ ಹತ್ತಿರ ಒಂದು ಹಳೆಯ ಬೀಸುಬಲೆಯನ್ನು ಕೇಳಿಕೊಂಡು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದಿದ್ದ. ಇಬ್ಬರೂ ಟೆರೇಸಿನಲ್ಲಿ ಹರಡಿ, ಗಂಟು ಮುಟ್ಟಿ, ಅಂಚಿನ ಸೀಸದ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನೋಡಿದ್ದರು. ಪುಟ ತಾನಾಗಿ ತಿದ್ದಿಕೊಂಡಿತು.

ಬಲೆ ಹಿಂತಿರುಗಿಸುವಷ್ಟರಲ್ಲಿ ಊರಿಂದ ಗಂಗಾದೇವಿ ಬಂದಿದ್ದಳು. ಟೆರೇಸಿನ ಸಿಮೆಂಟು ಕುಂಡದಲ್ಲಿ ಹಿಂದಿನ ಸಲ ಬಂದಾಗ ತಾನೇ ಹಾಕಿದ್ದ ಹೀರೆಬಳ್ಳಿಗೆ ಮಗ ಎಷ್ಟು ಚೆಂದದ ಬಲೆ ತಂದಿದ್ದಾನೆಂದು, ಯಾರನ್ನೂ ಕೇಳದೆ, ನಾಲ್ಕು ಬಿದಿರು ನೆಟ್ಟು ಅದನ್ನು ಕಟ್ಟಿಬಿಟ್ಟಿದ್ದಳು. ಬಳ್ಳಿಗೂ ಅದು ಬಹಳ ಮನಸ್ಸಿಗೆ ಬಂತು. ಗಂಡಹೆಂಡತಿ ನೋಡುವಷ್ಟರಲ್ಲಿ ಒಂದೊಂದು ಕಣ್ಣಿಗೂ ಒಂದೊಂದು ಕುಡಿ ಸುತ್ತಿಕೊಂಡಿತ್ತು. ಈರುಳ್ಳಿ ಬೆಳ್ಳುಳ್ಳಿಗೇ ಸೋಮವಾರ ರಜೆ ಕೊಡುವ ಹೆಂಗಸಿಗೆ, ಇದು ಮೀನು ಹಿಡಿಯುವ ಬಲೆ ಎಂದು ಯಾರು ಹೇಳುವುದು? “ವಾಲಿಬಾಲ್ ನೆಟ್ ಬೇ, ಫ್ಯಾಕ್ಟರ್‍ಯಾಗ ಹಳೇದಾಗಿತ್ತು” ಎಂದಿದ್ದ ಶಿವಪ್ರಕಾಶ. ಆಮೇಲೆ ಮುರುಗೇಶನಿಗೆ ಬಳ್ಳಿಯ ಸಂಗತಿ ಹೇಳುತ್ತೇನೆಂದಿದ್ದ. ಹೇಳಿದ್ದನೋ ಇಲ್ಲವೋ. ದಿನಾ ಹೀರೇಕಾಯಿ ಪಲ್ಲೆ ಬಡಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ನಗು ತಡೆಯುವುದು ಕಷ್ಟವಿತ್ತು.

ಈಗ ಗಂಗಾದೇವಿ ಪುರಾಣದ ರಾಗದಲ್ಲಿ ಓದುತ್ತಿದ್ದಳು: “ಸೆರಗಿನಂಚಿಗೆ ಮಣಿ ಪೋಣಿಸಿದ ಹಾಗೆ, ಬಲೆಯ ಬಾಯಿಗೆ ಸುತ್ತಲೂ ಸೀಸದ ಗುಂಡು…”

ರಾಗ ನಿಂತಿತು. ಗಂಗಾದೇವಿ ಹಾಳೆಯನ್ನು ಸ್ಟೂಲಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ಟೆರೇಸಿನ ಮೆಟ್ಟಿಲು ಹತ್ತಿದಳು. ಭಾಗ್ಯಶ್ರೀ ಹಂಚಿನ ಮುಂದೆ ಹಾಗೇ ನಿಂತಳು. ಹೆಜ್ಜೆ ಸಪ್ಪಳ ಮೇಲೆ ಒಂದು ಸುತ್ತು ಹಾಕಿ ಕೆಳಗೆ ಬಂತು.

“ಭಾಗ್ಯಾ.”

“ರೀ ಅತ್ತಿ.”

“ವಾಲಿಬಾಲ್ ಆಡೂ ನೆಟ್ಟಿಗೆ ಸೀಸದ ಗುಂಡ್ಯಾಕ?”

ಭಾಗ್ಯಶ್ರೀ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು.

“ಮೀನಿಂದನ?”

“ಹೌದ್ರಿ.”

“ಶಿವಶಿವಾ.” ಗಂಗಾದೇವಿ ಸ್ಟೂಲಿನ ಮೇಲೆ ಕೂತಳು. ತನ್ನ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಅದರ ಮ್ಯಾಗಿನ ಕಾಯಿ ನಾ ದೇವರಿಗೆ ಎಡಿ ಮಾಡೀನಿ. ಕೆಳಗಿನ ರಾಮಲಕ್ಷ್ಮಮ್ಮಗ ಕೊಟ್ಟೀನಿ. ಆಕಿ ನೋಡಿ ನಕ್ಕಿದ್ಲು, ಯಾಕಂತ ನಂಗ ತಿಳೀಲಿಲ್ಲ.” ಟೆರೇಸಿನ ಕಡೆ ಮುಖವೆತ್ತಿ, “ಕಳ್ಳ. ನನ್ನ ಮುಖಾ ನೋಡಿ ವಾಲಿಬಾಲ್ ಅಂದನಲ್ಲ” ಎಂದಳು.

ಅವಳ ಹೊಟ್ಟೆ ಮೆಲ್ಲಗೆ ಅಲುಗತೊಡಗಿತು. ಅಳುತ್ತಿದ್ದಾಳೆಂದು ಭಾಗ್ಯಶ್ರೀ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ನಗುತ್ತಿದ್ದಳು. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದಳು. ರಕ್ಷಾ ಏನೆಂದು ತಿಳಿಯದೆ ತಾನೂ ಸೇರಿಕೊಂಡಳು. ಭಾಗ್ಯಶ್ರೀಯ ಬಾಯಿಂದಲೂ ಒಂದು ಸಪ್ಪಳ ಹೊರಟಿತು. ತನ್ನದೇ ನಗುವೆಂದು ಗುರುತು ಹತ್ತಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಮಂದೀದು ಕೊಟ್ಟಬಿಡಬೇಕು” ಎಂದಳು ಗಂಗಾದೇವಿ ಆಮೇಲೆ. “ಹೋದಾವ ಇಸಗೊಂಡದ್ದು ಮನ್ಯಾಗ ಇಟಗೋಬಾರದು. ಆದ್ರ ಹಸೀ ಬಳ್ಳಿ ಕೀಳಬಾರದು. ತಾನಾಗೇ ಒಣಗಲಿ.”

ಹಾಗಾಗಿ ಬಳ್ಳಿ ಒಣಗುವ ತನಕ ಬಲೆ ಅಲ್ಲೇ ಇತ್ತು, ಕೆಳಗೆ ಓದು ನಡೆಯಿತು. ಮುನಿಶಾಮಿಯ ಸಾವು ಬರುವುದೆಂದು ಭಾಗ್ಯಶ್ರೀ ಅತ್ತೆಗೆ ಹೇಳಿರಲಿಲ್ಲ. ಆ ಹಾಳೆಗಳನ್ನು ತೆಗೆದಿಡಬೇಕೆಂದು ಎರಡು ಮೂರು ಸಲ ಚೀಲಕ್ಕೆ ಕೈ ಹಾಕಿದ್ದಳು. ತೆಗೆದರೆ ಅತ್ತೆ ಕೇಳುತ್ತಾಳೆ, “ಮುಂದ ಏನಾತು?” ಎಂದು. ಬಿಟ್ಟಳು.

ಆ ಸಂಜೆ ಬಂದೇ ಬಂತು. ತೆಪ್ಪ ಮಾತ್ರ ದಂಡೆಗೆ ತೇಲಿ ಬಂದದ್ದು, ಜನ ಕೂಡಿದ್ದು, ಪಾಪಮ್ಮ ಎದೆ ಬಡಿದುಕೊಂಡು ಅತ್ತದ್ದು. ಪಾಪಮ್ಮ ನಾಲ್ಕು ಪುಟ ಅಳುತ್ತಿದ್ದಳು. ಕೆರೆಯನ್ನು ಬೈದು, ದೇವರನ್ನು ಬೈದು, ಗಂಡನ ಒಂದೊಂದು ಗುಣ ಎತ್ತಿ ಆಡಿ ಅಳುತ್ತಿದ್ದಳು. ಗಂಗಾದೇವಿ ಎಲ್ಲವನ್ನೂ ಅದೇ ರಾಗದಲ್ಲಿ, ಒಂದಕ್ಷರ ಬಿಡದೆ ಓದಿದಳು. ಮುಗಿದ ಮೇಲೆ ಹಾಳೆಗಳ ಅಂಚನ್ನು ತಟ್ಟಿ ಸರಿಮಾಡಿದಳು.

“ಈಕಿ ಭಾಳ ಅಳತಾಳ.”

“ಹೌದ್ರಿ.”

“ನಾನೂ ಅತ್ತೆ. ನನಗ ಇಷ್ಟು ಮಾತು ಬರಲಿಲ್ಲ.”

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಭಾಗ್ಯಶ್ರೀ ಬೆನ್ನು ತಿರುಗಿಸಿಯೇ ಕೇಳಿದಳು: “ನಾ ಅಳಲಿಲ್ಲ ಅಂತ ಊರಾಗ ಮಾತಾಡಿದ್ರಲ್ರಿ?”

“ಮಾತಾಡಿದ್ರು. ಚನ್ನೂನ ಹೇಣ್ತೀನ ಅಂದ್ಲು, ಸಾಲಿ ಕಲತಾಕಿ, ಗಟ್ಟಿ ಮನಸು ಅಂತ. ನಾ ಅಂದೆ, ಆಕಿ ರೊಟ್ಟಿ ಬಡಿಯೂ ಸಪ್ಪಳಾ ಕೇಳ್ರಿ ಅಂತ.”

“ಸಪ್ಪಳಕ್ಕೇನಾಗೇತಿ?”

“ಮೊದಲ ತಾಳಾ ಇತ್ತು. ಈಗ ಬಾಗಲಾ ಬಡದಂಗ ಬಡೀತಿ.” ಗಂಗಾದೇವಿ ಹಾಳೆಗಳನ್ನು ಚೀಲಕ್ಕೆ ಹಾಕಿದಳು. “ಅಲ್ಲಿ ನೋಡ, ಹಂಚಿನ ಮ್ಯಾಲಿಂದು ಹೊತ್ತಾಕತ್ತೇತಿ.”

ಮರುದಿನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ಒಂದು ಕಡೆ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಕಡೆ ಆ ನಾಲ್ಕು ಪುಟಗಳು. ಕಿಟಕಿಯಾಚೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಸುತ್ತು ಹೊಡೆಯುತ್ತಿತ್ತು. ಭಾಗ್ಯಶ್ರೀ ನಾಲ್ಕೂ ಪುಟಗಳಿಗೆ ಉದ್ದಕ್ಕೆ ಗೀಟು ಎಳೆದಳು. ಇದನ್ನು ಬರೆದವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅಷ್ಟು ಮಾತು ಬಂದಿತ್ತು. ಹಿಂದಿನ ಖಾಲಿ ಮಗ್ಗುಲಲ್ಲಿ ಹೊಸದಾಗಿ ಬರೆದಳು. ಅರ್ಧ ಪುಟವೂ ಆಗಲಿಲ್ಲ. ಬರೆದು ಮುಗಿಸಿ, ಗುಣಸಂಧಿ ಸವರ್ಣದೀರ್ಘಸಂಧಿಗಳ ಉತ್ತರಪತ್ರಿಕೆಗಳಿಗೆ ಕೈ ಹಾಕಿ, ಆವತ್ತು ಸ್ವಲ್ಪ ಧಾರಾಳವಾಗಿಯೇ ಅಂಕ ಕೊಟ್ಟಳು.

ಸಂಜೆ ಗಂಗಾದೇವಿ ಓದಿದಳು. “ಪಾಪಮ್ಮ ಬೆಳಿಗ್ಗೆ ಎದ್ದು ಒಲೆ ಹಚ್ಚಿದಳು. ಸಾರಿಗೆ ಉಪ್ಪು ಸಾಲದು ಎಂದು ಅತ್ತೆ ಅಂದಳು. ಪಾಪಮ್ಮ ಉಪ್ಪಿನ ಮರಿಗೆ ತಂದು ಮುಂದಿಟ್ಟಳು. ಆಮೇಲೆ ಗಂಡನ ಬಲೆಯನ್ನು ಹಗ್ಗದ ಮೇಲಿಂದ ತೆಗೆದು, ಎಲ್ಲಿ ಹರಿದಿದೆಯೋ ನೋಡತೊಡಗಿದಳು.” ಈ ಸಲ ರಾಗ ಬರಲಿಲ್ಲ. ಅಷ್ಟು ಸಣ್ಣ ಸಣ್ಣ ವಾಕ್ಯಗಳಿಗೆ ರಾಗ ಎಲ್ಲಿ ಹಿಡಿಯಬೇಕು? ಅವಳು ಮಾತಾಡಿದ ಹಾಗೆ ಓದಿದಳು.

“ಈ ಅತ್ತಿ ನಾನೇನು?”

“ಅಲ್ರೀ, ಅದು ಪಾಪಮ್ಮನ ಅತ್ತಿ.”

“ಆಕೀಗೂ ಉಪ್ಪು ಕಡಿಮಿನ ಆಗಿತ್ತೇನು?” ಹಾಳೆಯನ್ನು ಚೀಲಕ್ಕೆ ಹಾಕುತ್ತ ಗಂಗಾದೇವಿ ಮತ್ತೆ ಅಂದಳು: “ಇರ್ಲಿ ಬಿಡು. ಇದಕ್ಕ ಗೀಟ ಬ್ಯಾಡ.”

ಸಂಕ್ರಾಂತಿಗೆ ಮುಂಚೆ ಹಸ್ತಪ್ರತಿ ಯಶೋಧಾಳಿಗೆ ಹೋಯಿತು. ಅಷ್ಟರಲ್ಲಿ ಬಳ್ಳಿಯೂ ಹಳದಿಗೆ ತಿರುಗಿತ್ತು. ಒಂದು ಶನಿವಾರ ಮೂವರೂ ಟೆರೇಸಿನಲ್ಲಿ ಕೂತು ಒಣಗಿದ ಕುಡಿಗಳನ್ನು ಒಂದೊಂದಾಗಿ ಬಿಡಿಸಿದರು. ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದವೆಂದರೆ ಕೆಲವನ್ನು ಉಗುರಿನಿಂದಲೇ ಕೀಳಬೇಕಾಯಿತು. ಬೀಜಕ್ಕೆ ಬಿಟ್ಟ ಕಾಯಿಗಳನ್ನು ಗಂಗಾದೇವಿ ಬೇರೆ ಇಟ್ಟಳು. ಬಳ್ಳಿಯ ತುದಿಯಲ್ಲಿ ಕೊನೆಯದಾಗಿ ಕಚ್ಚಿದ್ದ ಎಳೆಯ ಕಾಯಿಗಳೂ ಒಂದಷ್ಟು ಸಿಕ್ಕವು. ಬಲೆಯನ್ನು ಬಕೆಟ್ಟಿನಲ್ಲಿ ಸೋಪಿನಪುಡಿ ಹಾಕಿ ನೆನೆಸಿ, ಶಾಲು ಜಾಲಿಸಿದಂತೆ ಜಾಲಿಸಿ, ಹಗ್ಗದ ಮೇಲೆ ಒಣಗಿಹಾಕಿದರು.

ಭಾನುವಾರ ಬೆಳಿಗ್ಗೆ ಹೊರಡುವಾಗ ಭಾಗ್ಯಶ್ರೀ ಬಲೆಯನ್ನು ಮಡಚಿ ಚೀಲಕ್ಕೆ ಹಾಕಹೋದಳು. ಅತ್ತೆ ತಡೆದಳು. “ಇಸಗೊಂಡ ಭಾಂಡೇ ಬರೀದ ಕೊಡತಾರೇನು? ಏನಾರ ಹಾಕಿ ಕೊಡಬೇಕು.”

“ಇದು ಭಾಂಡೇ ಅಲ್ಲಲ್ರಿ ಅತ್ತಿ, ಬಲಿ. ಇದ್ರಾಗ ಏನ ಹಾಕೂದು?”

ಗಂಗಾದೇವಿ ಅಡಿಗೆಮನೆಗೆ ಹೋಗಿ ಎಳೆಯ ಹೀರೇಕಾಯಿಗಳ ಬುಟ್ಟಿ ತಂದು ಬಲೆಯ ನಡುವಿಗೆ ಸುರಿದು, ಅಂಚು ಕೂಡಿಸಿ ಗಂಟು ಕಟ್ಟಿದಳು. ಮೀನಿನ ಬಲೆ ಮುಟ್ಟಿದ ಕೈ ತೊಳೆದುಕೊಳ್ಳಲು ಮರೆತೇಬಿಟ್ಟಳು, ಇಲ್ಲವೆ ಮರೆತಂತೆ ಇದ್ದಳು.

ಕೆರೆಯ ದಂಡೆಯಲ್ಲಿ ವಾಕಿಂಗಿನವರ ಸಂದಣಿ. ಮುರುಗೇಶ ತೆಪ್ಪವನ್ನು ಮೇಲಕ್ಕೆಳೆದು ಬೋರಲು ಹಾಕುತ್ತಿದ್ದ. ಭಾಗ್ಯಶ್ರೀಯ ಗುರುತು ಹತ್ತಿತು. “ಏನಕ್ಕಾ, ಸಾರ್ ಎಲ್ಲಿ? ಬೋ ದಿನ ಆಯ್ತು ಕಾಣ್ದೆ. ಊರಿಗೋದ್ರಾ?”

ಇಷ್ಟು ದಿನ ಎಲ್ಲರೂ ಅವಳಿಗೆ ಹೇಳುತ್ತಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಕಡೆ ನೋಡಿದಳು. ಅತ್ತೆ ಕೆರೆಯ ಕಡೆ ನೋಡುತ್ತಿದ್ದಳು.

“ಅವರು ತೀರಿಕೊಂಡ್ರು ಮುರುಗೇಶ್. ಊರಲ್ಲೇ ಮಣ್ಣು ಮಾಡಿ ಬಂದ್ವಿ.”

ಮಾತು ನೆಟ್ಟಗೆ ಹೊರಬಂತು. ಕೊನೆಯಲ್ಲಿ ಮಾತ್ರ ಗಂಟಲು ಚುರ್ರೆಂದಿತು, ಜೋಮು ಬಿಡುವಾಗ ಕಾಲು ಚುರ್ರೆನ್ನುತ್ತದಲ್ಲ, ಹಾಗೆ.

ಮುರುಗೇಶ ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದ. ರಕ್ಷಾಳ ತಲೆ ಸವರಿದ. ಆಮೇಲೆ, “ಬಲೆ ಕೇಳಕ್ಕೆ ಬಂದಾಗ ಅಂದ್ರು, ನಮ್ಮನೆಯೋರು ಬುಕ್ ಬರೀತಾವ್ರೆ, ಅದ್ರಲ್ಲಿ ನಿನ್ನಂಗೇ ಒಬ್ಬ ಅವ್ನೆ ಅಂತ. ನಾನು ನಂಬ್ಲಿಲ್ಲ” ಎಂದ.

“ಇದ್ದಾನೆ” ಎಂದಳು ಭಾಗ್ಯಶ್ರೀ. “ಅಚ್ಚಾದ ಮೇಲೆ ತಂದುಕೊಡ್ತೀನಿ.”

ಬಲೆಯ ಗಂಟನ್ನು ಎರಡೂ ಕೈಯಿಂದ ಎತ್ತಿ ಅವನ ಮುಂದೆ ಹಿಡಿದಳು. ಮುರುಗೇಶ ತೆಗೆದುಕೊಂಡು ಮೂಸಿದ. “ಇದೇನಕ್ಕಾ, ಸೋಪಿನ್ ವಾಸ್ನೆ. ಮೀನೆಲ್ಲ ಸ್ನಾನ ಮಾಡಕ್ ಬರ್ತವೆ ಅಷ್ಟೆ.” ಗಂಟು ಬಿಚ್ಚಿದ. ಹೀರೇಕಾಯಿಗಳು ಹುಲ್ಲಿನ ಮೇಲೆ ಉರುಳಿದವು. ಅವನು ಅವುಗಳನ್ನು ನೋಡಿದ, ಇಬ್ಬರು ಹೆಂಗಸರನ್ನೂ ನೋಡಿದ.

“ಬರೀದ ಕೊಡಬಾರದಂತ” ಎಂದಳು ಗಂಗಾದೇವಿ, ಮುಖ ಬಿಗಿಹಿಡಿದು. “ಅದರಾಗ ಬೆಳದದ್ದೇ.”

“ಈ ಬಲೇಲಿ ಒಂದೇ ಸಲಕ್ಕೆ ನಾನು ಯಾವತ್ತೂ ಇಷ್ಟ್ ಇಡ್ದಿಲ್ಲ ಕಣಮ್ಮಾ.”

ಬಲೆಯ ಎಳೆಹಗ್ಗ ಇನ್ನೂ ಭಾಗ್ಯಶ್ರೀಯ ಮಣಿಕಟ್ಟಿಗೆ ಸುತ್ತಿಕೊಂಡೇ ಇತ್ತು. ಬೀಸುವವರು ಹಾಗೆ ಸುತ್ತಿಕೊಳ್ಳುತ್ತಾರೆಂದು, ಟೆರೇಸಿನಲ್ಲಿ ಶಿವಪ್ರಕಾಶ ತನ್ನ ಕೈಗೆ ಸುತ್ತಿ ತೋರಿಸಿದ್ದ. ಅವಳು ಅದನ್ನು ಬಿಡಿಸಿ, ತುದಿಯನ್ನು ಮುರುಗೇಶನ ಕೈಗೆ ಕೊಟ್ಟಳು.